ಕೇಳಿ, ಹೇಳುವಾ: ವಿಡಿಯೋ ಎಡಿಟಿಂಗಿಗೂ ಸಬ್‌ಟೈಟಲಿಗೂ ಎಷ್ಟು ದುಡ್ಡು ಹಾಕ್ಬೇಕು?

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಫೋನಲ್ಲಿ ತೆಗೆದ ವಿಡಿಯೋ ರಾಶಿ ಬಿದ್ದುಂಟು, ಅದನ್ನು ಸ್ವಲ್ಪ ಕತ್ತರಿಸಿ ಜೋಡಿಸಿ ಅಡಿಯಲ್ಲಿ ಅಕ್ಷರ ಬರುವ ಹಾಗೆ ಮಾಡ್ಬೇಕು, ಕೈಯಲ್ಲಿ ಹೆಚ್ಚು ದುಡ್ಡಿಲ್ಲ, ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಇಟ್ಟಿದ್ದೇನೆ. ಬೇರೆ ಪ್ರಶ್ನೆ ಕಳಿಸಿದವರು ಬೇಸರ ಮಾಡ್ಬೇಡಿ, ಮುಂದಿನ ಸಂಚಿಕೆಯಲ್ಲಿ ನೋಡುವಾ.

ಪ್ರಶ್ನೆ: ನಮಸ್ಕಾರ. ನಾನು ರಿಟೈರ್ಡ್ ಮಾಸ್ಟ್ರು. ನಮ್ಮೂರಲ್ಲಿ ತಿಂಗಳಿಗೊಂದು ತಾಳಮದ್ದಳೆ (ವೇಷ ಇಲ್ಲದೆ ಕೂತು ಪದ್ಯ, ಮಾತಿನಲ್ಲೇ ನಡೆಸುವ ಯಕ್ಷಗಾನ) ಕೂಟ ಆಗ್ತದೆ, ಸುಮಾರು ಮೂರು ಗಂಟೆಯದ್ದು. ಮೊಮ್ಮಗನ ಫೋನಲ್ಲಿ ರೆಕಾರ್ಡ್ ಮಾಡ್ತೇವೆ. ಬೇಡದ್ದನ್ನು ತೆಗೆದು, ಪದ್ಯದ ಸಾಲು ಅಡಿಯಲ್ಲಿ ಬರುವ ಹಾಗೆ ಮಾಡಿ ಯೂಟ್ಯೂಬಿಗೆ ಹಾಕುವ ಆಸೆ. 8 ಜಿಬಿ ರ್ಯಾಮಿನ ಲ್ಯಾಪ್‌ಟಾಪ್ ಉಂಟು, 5000 ರೂಪಾಯಿ ತೆಗೆದಿಟ್ಟಿದ್ದೇನೆ. ಒಬ್ಬರು ತಿಂಗಳು ತಿಂಗಳು ಕಟ್ಟುವ ಸಾಫ್ಟ್‌ವೇರೇ ಆಗ್ಬೇಕು ಅಂತಾರೆ, ಇನ್ನೊಬ್ಬರು ಅದನ್ನೇ ಕ್ರ್ಯಾಕ್ ಮಾಡಿ ಪೆನ್‌ಡ್ರೈವಲ್ಲಿ ಕೊಡ್ತೇನೆ ಅಂತಾರೆ. ಎಂತ ಮಾಡುವುದು?
ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಮಾಸ್ಟ್ರೇ, ಆ 5000 ರೂಪಾಯಿ ಸದ್ಯಕ್ಕೆ ಹಾಗೇ ಇರ್ಲಿ. ನೀವು ಹೇಳಿದ ಕೆಲಸಕ್ಕೆ ಸಾಫ್ಟ್‌ವೇರಿಗೆ ಅಂತ ಒಂದು ರೂಪಾಯಿ ಬಿಚ್ಚುವ ಅಗತ್ಯ ಇಲ್ಲ. ತಾಳಮದ್ದಳೆ ವಿಡಿಯೋದಲ್ಲಿ ಕತ್ತರಿಸ್ಲಿಕ್ಕೆ ಇರುವುದಾದ್ರೂ ಎಷ್ಟು, ಶುರುವಿನಲ್ಲಿ ಮೈಕ್ ಟೆಸ್ಟ್ ಮಾಡುವುದು, ನಡುವೆ ಚಾ ಕೊಡುವ ಹೊತ್ತು, ಕೊನೆಗೆ ಧನ್ಯವಾದ ಹೇಳುವಾಗ ಕುರ್ಚಿ ಎಳೆಯುವ ಸದ್ದು, ಇಷ್ಟು ತೆಗೆದು ಮುಂದೆ ಒಂದು ಟೈಟಲ್, ಅಡಿಯಲ್ಲಿ ಪದ್ಯ. ಇದಕ್ಕೆ ಶಾಟ್‌ಕಟ್ ಧಾರಾಳ ಸಾಕು. ಪೂರ್ತಿ ಉಚಿತ, ಓಪನ್ ಸೋರ್ಸ್, ವಿಡಿಯೋ ಮೇಲೆ ಅವರ ಹೆಸರಿನ ವಾಟರ್‌ಮಾರ್ಕ್ ಬೀಳುವುದಿಲ್ಲ, ಇಷ್ಟೇ ನಿಮಿಷ ಅಂತ ಮಿತಿ ಇಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡ್ತದೆ, ಈಚಿನ ವರ್ಷನ್‌ಗಳಲ್ಲಿ ಸಬ್‌ಟೈಟಲಿಗೆ ಬೇರೆಯೇ ಒಂದು ಪ್ಯಾನೆಲ್ ಬಂದಿದೆ. ಇದರದ್ದೇ ಜಾತಿಯ ಇನ್ನೊಂದು ಕೆಡೆನ್‌ಲೈವ್, ಕೆಡಿಇ ಅನ್ನುವ ಉಚಿತ ಸಾಫ್ಟ್‌ವೇರ್ ಬಳಗದವರದ್ದು, ಅದೂ ಉಚಿತ. ಟೈಮ್‌ಲೈನಲ್ಲೇ (ವಿಡಿಯೋ ತುಂಡುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಸಬ್‌ಟೈಟಲನ್ನು ಹಿಡಿದು ಹಿಂದೆ ಮುಂದೆ ಎಳೆಯಲಿಕ್ಕೆ ನನಗೆ ಅದು ಹೆಚ್ಚು ಸಲೀಸು. ಎರಡನ್ನೂ ಹಾಕಿ ಹತ್ತು ನಿಮಿಷದ ಒಂದು ತುಂಡು ಮಾಡಿ ನೋಡಿ, ಯಾವುದು ಕೈಗೆ ಹೊಂದ್ತದೋ ಅದನ್ನು ಹಿಡ್ಕೊಳ್ಳಿ. ಡೌನ್‌ಲೋಡ್ ಮಾತ್ರ ಅವರ ಸ್ವಂತ ವೆಬ್‌ಸೈಟಿಂದಲೇ ಮಾಡಿ, ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಲಿಂಕ್ ಒತ್ತಬೇಡಿ.

8 ಜಿಬಿ ಲ್ಯಾಪ್‌ಟಾಪಲ್ಲಿ ಮೂರು ಗಂಟೆಯ ವಿಡಿಯೋ ತೆಗೆದ್ರೆ ಪ್ಲೇ ಆಗುವಾಗ ತಡೆದು ತಡೆದು ಬರಬಹುದು, ಅದಕ್ಕೆ ಹೆದರಿ ಹೊಸ ಲ್ಯಾಪ್‌ಟಾಪ್ ನೋಡ್ಲಿಕ್ಕೆ ಹೋಗ್ಬೇಡಿ. ಸೆಟ್ಟಿಂಗ್ಸಲ್ಲಿ ಪ್ರಾಕ್ಸಿ ಅಂತ ಉಂಟು, ಆನ್ ಮಾಡಿದ್ರೆ ಸಾಫ್ಟ್‌ವೇರ್ ನಿಮ್ಮ ವಿಡಿಯೋದ ಒಂದು ಹಗುರ ನಕಲು ಮಾಡಿಟ್ಟುಕೊಂಡು ಕತ್ತರಿಸುವಾಗ ಅದನ್ನು ತೋರಿಸ್ತದೆ, ಎಕ್ಸ್‌ಪೋರ್ಟ್ ಮಾಡುವಾಗ, ಅಂದ್ರೆ ಕೊನೆಯ ವಿಡಿಯೋ ಫೈಲ್ ತಯಾರು ಮಾಡುವಾಗ, ಅಸಲಿ ಫೈಲನ್ನೇ ಎತ್ತಿಕೊಳ್ತದೆ, ಕ್ವಾಲಿಟಿ ಏನೂ ಕಮ್ಮಿ ಆಗುವುದಿಲ್ಲ. ನಕಲು ತಯಾರಾಗ್ಲಿಕ್ಕೆ ಹೊತ್ತು ಹಿಡೀತದೆ, ರಾತ್ರಿ ಇಟ್ಟು ಮಲಗಿದ್ರೆ ಬೆಳಿಗ್ಗೆ ಆಗಿರ್ತದೆ.

ಡಾವಿಂಚಿ ರಿಸಾಲ್ವ್ ಹೆಸರು ನಿಮಗೆ ಯಾರಾದ್ರೂ ಹೇಳಿಯೇ ಹೇಳ್ತಾರೆ. ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪೆನಿಯದ್ದು, ಸಿನಿಮಾದವರು ಬಣ್ಣ ಸರಿ ಮಾಡ್ಲಿಕ್ಕೆ ಬಳಸುವ ಸಾಫ್ಟ್‌ವೇರ್. ಅದರಲ್ಲೂ ಉಚಿತ ಆವೃತ್ತಿ ಉಂಟು, 4ಕೆ ವರೆಗೆ ಎಕ್ಸ್‌ಪೋರ್ಟ್ ಆಗ್ತದೆ, ಸಬ್‌ಟೈಟಲ್ ಟ್ರ್ಯಾಕೂ ಸಿಗ್ತದೆ. ಸ್ಟುಡಿಯೋ ಅಂತ ಇರುವ ದುಡ್ಡಿನ ಆವೃತ್ತಿಗೆ ಮಾತ್ರ ಮೀಸಲಿಟ್ಟ ಎಫೆಕ್ಟನ್ನು ತಿಳಿಯದೆ ಹಾಕಿದ್ರೆ ವಾಟರ್‌ಮಾರ್ಕ್ ಬೀಳ್ತದೆ, ಇಲ್ಲದಿದ್ರೆ ಇಲ್ಲ. ಆ ಸ್ಟುಡಿಯೋಗೆ ಕಂಪೆನಿ ಇಟ್ಟ ಬೆಲೆ 295 ಡಾಲರ್, ತಿಂಗಳ ಬಾಡಿಗೆ ಅಲ್ಲ, ಒಂದೇ ಸಲ. ಒಳ್ಳೇ ಸಾಫ್ಟ್‌ವೇರ್ ಅದು, ಎರಡು ಮಾತಿಲ್ಲ, ಆದ್ರೆ ಅದಕ್ಕೆ 16 ಜಿಬಿ ರ್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ರೇ ಸುಖ. ನಿಮ್ಮ ಲ್ಯಾಪ್‌ಟಾಪಲ್ಲಿ ಅದನ್ನು ಹಾಕಿ ಕೂತ್ರೆ ನಿಮಗೆ ಎಡಿಟಿಂಗ್ ಮೇಲೆಯೇ ಬೇಜಾರು ಬಂದೀತು ಅಂತ ನನಗೆ ಹೆದರಿಕೆ.

ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ಬಗ್ಗೆ ಇಷ್ಟೇ ಹೇಳ್ತೇನೆ, ದಿನಾ ಅದರಲ್ಲೇ ದುಡಿದು ಸಂಪಾದಿಸುವವರಿಗೆ ಅದು ಸರಿ. ತಿಂಗಳಿಗೊಂದು ಕೂಟ ಎಡಿಟ್ ಮಾಡುವವರು ಕಟ್ಟುವುದು ನಿಲ್ಲಿಸಿದ ದಿನ ತಮ್ಮದೇ ಹಳೇ ಪ್ರಾಜೆಕ್ಟನ್ನು ತೆಗೆದು ನೋಡ್ಲಿಕ್ಕೂ ಆಗದೆ ಕೂತ್ಕೊಳ್ಬೇಕಾಗ್ತದೆ. ಮತ್ತೆ ಆ ಪೆನ್‌ಡ್ರೈವ್, ದಯವಿಟ್ಟು ಬೇಡ. ಕಳ್ಳ ಕಾಪಿ ಅನ್ನುವುದು ಒಂದು ಕಡೆ ಇರ್ಲಿ, ಕ್ರ್ಯಾಕ್ ಹಾಕುವಾಗ ಮೊದಲು ಹೇಳುವುದೇ ಆ್ಯಂಟಿವೈರಸ್ ಆಫ್ ಮಾಡಿ ಅಂತ, ಅಂದ್ರೆ ಮನೆ ಬಾಗಿಲು ತೆಗೆದಿಟ್ಟು ಬನ್ನಿ ಅಂತ ಕರೆದ ಹಾಗೆ. ಫೈಲಿಗೆಲ್ಲ ಬೀಗ ಹಾಕಿ ದುಡ್ಡು ಕೇಳುವ ರ್ಯಾನ್ಸಮ್‌ವೇರ್‌ಗಳು ಕೆಲವು ಹರಡಿದ್ದು ಇಂಥಾ ಕ್ರ್ಯಾಕ್‌ಗಳ ಜೊತೆಗೆ. ನಿಮ್ಮ ಲ್ಯಾಪ್‌ಟಾಪಲ್ಲಿ ವರ್ಷಗಟ್ಟಲೆಯ ಕೂಟದ ರೆಕಾರ್ಡಿಂಗ್ ಇರುವಾಗ, ಅದರಲ್ಲಿ ಪಾತ್ರದ ಮಾತು ಹೇಳುವ ಕೆಲವು ಅರ್ಥಧಾರಿಗಳು ಈಗ ಇಲ್ಲದವರೂ ಇರಬಹುದು, ಆ ಅಪಾಯ ತಗೊಳ್ಬೇಡಿ.

ಈಗ ನೀವು ಕೇಳದೇ ಇದ್ದ ಒಂದು ವಿಷಯ. ಫೋನಲ್ಲಿ ತೆಗೆದ ಉದ್ದದ ವಿಡಿಯೋವನ್ನು ಎಡಿಟ್ ಮಾಡಿದಾಗ ಮೊದಲ ಹತ್ತು ನಿಮಿಷ ಎಲ್ಲ ಸರಿ ಇರ್ತದೆ, ಒಂದು ಗಂಟೆ ದಾಟುವಾಗ ಭಾಗವತರ ಬಾಯಿ ಒಂದು ಕಡೆ ಹಾಡು ಒಂದು ಕಡೆ ಆಗಬಹುದು. ಸಾಫ್ಟ್‌ವೇರ್ ಹಾಳು ಅಂತ ಜನ ಬಿಟ್ಟುಬಿಡ್ತಾರೆ. ತಪ್ಪು ಸಾಫ್ಟ್‌ವೇರಿದ್ದಲ್ಲ, ಫೋನ್‌ಗಳು ಒಂದೇ ಫ್ರೇಮ್ ರೇಟಲ್ಲಿ (ಸೆಕೆಂಡಿಗೆ ಇಷ್ಟು ಚಿತ್ರ ಅನ್ನುವ ಲೆಕ್ಕ) ರೆಕಾರ್ಡ್ ಮಾಡುವುದಿಲ್ಲ, ಬೆಳಕು ಕಮ್ಮಿ ಆದಾಗ ಸೆಕೆಂಡಿಗೆ 30 ಫ್ರೇಮ್ ಇದ್ದದ್ದು ಇಳೀತದೆ, ಮತ್ತೆ ಏರ್ತದೆ. ಹಾಗಾಗಿ ಎಡಿಟಿಂಗಿಗೆ ಹಾಕುವ ಮೊದಲು ಹ್ಯಾಂಡ್‌ಬ್ರೇಕ್ ಅನ್ನುವ ಇನ್ನೊಂದು ಉಚಿತ ಸಾಫ್ಟ್‌ವೇರಲ್ಲಿ ಫ್ರೇಮ್ ರೇಟ್ 30, ಕಾನ್‌ಸ್ಟಂಟ್ ಅಂತ ಕೊಟ್ಟು ಒಂದು ಸಲ ಕನ್ವರ್ಟ್ ಮಾಡಿ. ಶಾಟ್‌ಕಟ್ ಇಂಥಾ ಫೈಲ್ ಕಂಡ್ರೆ ತಾನೇ ಕನ್ವರ್ಟ್ ಮಾಡ್ಲಾ ಅಂತ ಕೇಳ್ತದೆ, ಹೌದು ಅನ್ನಿ, ಅರ್ಜೆಂಟಲ್ಲಿ ಬೇಡ ಅಂತ ಒತ್ತಬೇಡಿ.

ಇನ್ನು ನಿಮ್ಮ 5000. ಅದನ್ನು ಸದ್ದಿಗೂ ಸ್ಟೋರೇಜಿಗೂ ಹಾಕಿ. ಫುಲ್ ಎಚ್‌ಡಿ ವಿಡಿಯೋ ನಿಮಿಷಕ್ಕೆ 130 ಎಂಬಿ ಅಂತ ಹಿಡಿದ್ರೂ ಮೂರು ಗಂಟೆಗೆ 23 ಜಿಬಿ ದಾಟ್ತದೆ, ಕನ್ವರ್ಟ್ ಮಾಡಿದ್ದು, ಪ್ರಾಕ್ಸಿ, ಎಕ್ಸ್‌ಪೋರ್ಟ್ ಎಲ್ಲ ಸೇರಿ ಅದರ ಎರಡು ಮೂರು ಪಾಲು ಜಾಗ ಬೇಕು, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇಲ್ಲದೆ ಆಗುವುದಿಲ್ಲ. ಸದ್ದಿನದ್ದು ಇನ್ನೂ ಮುಖ್ಯ. ಚೆಂಡೆ ಪೆಟ್ಟು ಬೀಳುವಾಗ ಹತ್ತಿರ ಇಟ್ಟ ಫೋನಿನ ಮೈಕ್ ಒಡೆದ ಹಾಗೆ ಕೇಳ್ತದೆ, ಹಾಗೆ ಒಡೆದ ಸದ್ದನ್ನು ಎಷ್ಟು ದೊಡ್ಡ ಸಾಫ್ಟ್‌ವೇರಲ್ಲೂ ಪೂರ್ತಿ ಸರಿ ಮಾಡ್ಲಿಕ್ಕೆ ಆಗುವುದಿಲ್ಲ. ಮೈಕ್‌ಸೆಟ್‌ನವರ ಹತ್ರ ಮಿಕ್ಸರಿಂದ ಒಂದು ಲೈನ್ ಕೇಳಿ, ಅದನ್ನು ಸಣ್ಣ ಆಡಿಯೋ ರೆಕಾರ್ಡರಿಗೋ ಇನ್ನೊಂದು ಹಳೇ ಫೋನಿಗೋ ಸರಿಯಾದ ಕೇಬಲ್ ಹಾಕಿ ತಗೊಳ್ಳಿ. ಆಮೇಲೆ ಆ ಆಡಿಯೋವನ್ನೂ ವಿಡಿಯೋವನ್ನೂ ಕೂಡಿಸ್ಬೇಕಲ್ಲ, ಅದಕ್ಕೆ ಸಿನಿಮಾದವರು ಕ್ಲಾಪ್ ಹೊಡೀತಾರೆ, ನಮಗೆ ಭಾಗವತರ ಜಾಗಟೆ ಉಂಟು. ಟೈಮ್‌ಲೈನಲ್ಲಿ ಎರಡೂ ಸದ್ದಿನ ಗೆರೆ ನೋಡಿ, ಸಪಾಟಾಗಿ ಹೋಗ್ತಾ ಇದ್ದ ಗೆರೆ ಜಾಗಟೆಯ ಮೊದಲ ಪೆಟ್ಟಿಗೆ ಮುಳ್ಳಿನ ಹಾಗೆ ಎದ್ದು ನಿಲ್ತದೆ. ಮೇಲಿನ ಮುಳ್ಳು ಕೆಳಗಿನ ಮುಳ್ಳು ಒಂದರ ಅಡಿಯಲ್ಲೊಂದು ಬರುವ ಹಾಗೆ ಎಳೆದಿಡಿ, ಕೂಟದ ಕೊನೆಯಲ್ಲಿ ಇನ್ನೊಂದು ಪೆಟ್ಟು ಹುಡುಕಿ ಅಲ್ಲೂ ಕೂಡ್ತದಾ ನೋಡಿ.

ಸಬ್‌ಟೈಟಲ್ ಬಗ್ಗೆ ನೀವು ಪದ್ಯಕ್ಕೆ ಮಾತ್ರ ಅಂತ ಯೋಚಿಸಿದ್ದು ತುಂಬಾ ಸರಿ. ಅರ್ಥಗಾರಿಕೆಯ ಮಾತು ಪ್ರತಿ ಶಬ್ದ ಹಾಕ್ಲಿಕ್ಕೆ ಹೋದ್ರೆ ಓದಿ ಮುಗಿಯುವ ಮೊದಲು ಇನ್ನೊಂದು ಸಾಲು ಬಂದಿರ್ತದೆ, ಮುಖ ನೋಡ್ಲಿಕ್ಕೇ ಆಗುವುದಿಲ್ಲ. ಪದ್ಯ ಹಾಗಲ್ಲ, ಪ್ರಸಂಗ ಪುಸ್ತಕದಲ್ಲಿ ಬರಹ ತಯಾರುಂಟು, ಭಾಗವತರು ಒಂದು ಸಾಲನ್ನು ತಿರುಗಿಸಿ ತಿರುಗಿಸಿ ಹಾಡುವಾಗ ಓದ್ಲಿಕ್ಕೂ ಪುರುಸೊತ್ತು ಸಿಗ್ತದೆ, ರಾಗದ ಎಳೆತದಲ್ಲಿ ಶಬ್ದ ಹಿಡಿಯಲಾಗದ ಹೊಸಬರಿಗೆ ಅದು ದೊಡ್ಡ ಉಪಕಾರ. ಪದ್ಯದ ಜೊತೆ ಮಾತು ಶುರು ಮಾಡುವವರು ಯಾವ ಪಾತ್ರ ಅಂತ ಒಂದು ಸಣ್ಣ ಸಾಲು ಹಾಕಿ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಎಲ್ಲರೂ ಪಂಚೆ ಶಾಲಿನಲ್ಲೇ ಕೂತಿರ್ತಾರೆ, ಹೊರಗಿನವರಿಗೆ ಕೃಷ್ಣ ಯಾರು ಕೌರವ ಯಾರು ಗೊತ್ತಾಗುವುದಿಲ್ಲ.

ಪ್ರಶ್ನೆ: ಮಕ್ಕಳ ನಾಟಕದ ವಿಡಿಯೋಗೆ ಕನ್ನಡದಲ್ಲಿ ಸಬ್‌ಟೈಟಲ್ ಹಾಕಿದೆ. ಟೈಪ್ ಮಾಡುವಾಗ ಸರಿ ಇತ್ತು, ವಿಡಿಯೋದಲ್ಲಿ ಒತ್ತಕ್ಷರ ಎಲ್ಲ ಬಿಡಿ ಬಿಡಿ ಆಯ್ತು. ಮತ್ತೆ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ ಪೇಸ್ಟ್ ಮಾಡಿದ್ರೆ ಕನ್ನಡವೇ ಬರ್ಲಿಲ್ಲ, ಎಂತೆಂತದೋ ಚಿಹ್ನೆ ಬಂತು. ದುಡ್ಡು ಕೊಟ್ಟು ಬೇರೆ ಸಾಫ್ಟ್‌ವೇರ್ ತಗೊಂಡ್ರೆ ಸರಿ ಆಗ್ತದಾ?
ಟೀಚರ್, ಸುರತ್ಕಲ್

ಉತ್ತರ: ಟೀಚರೇ, ಇದು ದುಡ್ಡಿನಿಂದ ಸರಿಯಾಗುವ ವಿಷಯ ಅಲ್ಲ, ಎರಡೂ ಬೇರೆ ಬೇರೆ ತೊಂದರೆ.

ಮೊದಲನೆಯದ್ದು ಒತ್ತಕ್ಷರ. ಕಂಪ್ಯೂಟರ್ ಒಳಗೆ 'ಕ್ಷ' ಅಂತ ಒಂದು ಅಕ್ಷರ ಇಲ್ಲ, ಕ, ಹಲಂತ, ಷ ಅಂತ ಮೂರು ಸಾಲಾಗಿ ಇರ್ತದೆ, ಅದನ್ನು ಕೂಡಿಸಿ ಚಂದ ಮಾಡಿ ತೋರಿಸುವುದು ಸಾಫ್ಟ್‌ವೇರಿನ ಕೆಲಸ. ಆ ಕೂಡಿಸುವ ವ್ಯವಸ್ಥೆ ಇಲ್ಲದ ಕಡೆ 'ಯಕ್ಷಗಾನ' ಹೋಗಿ 'ಯಕ್‌ಷಗಾನ' ಆಗ್ತದೆ, 'ಧರ್ಮ' ಹೋಗಿ 'ಧರ್‌ಮ' ಆಗ್ತದೆ. ದೊಡ್ಡ ಹೆಸರಿನ, ದುಬಾರಿ ಸಾಫ್ಟ್‌ವೇರಲ್ಲೂ ಇದು ಆಗ್ತದೆ. ಅಡೋಬಿ ಪ್ರೀಮಿಯರಲ್ಲಿ ಸೆಟ್ಟಿಂಗ್ಸಿಗೆ ಹೋಗಿ ದಕ್ಷಿಣ ಏಷ್ಯಾದ ಬರಹ ಅನ್ನುವ ಆಯ್ಕೆ ಒತ್ತದಿದ್ರೆ ಕನ್ನಡ ಸರಿ ಬರುವುದಿಲ್ಲ. ಶಾಟ್‌ಕಟ್, ಕೆಡೆನ್‌ಲೈವ್ ಎರಡರಲ್ಲೂ ಕನ್ನಡ ಕೂಡಿಸುವ ವ್ಯವಸ್ಥೆ ಒಳಗೇ ಉಂಟು. ಯಾವ ಸಾಫ್ಟ್‌ವೇರ್ ತಗೊಳ್ಳುವ ಮೊದಲೂ ಈ ಒಂದು ಸಾಲು ಟೈಪ್ ಮಾಡಿ ವಿಡಿಯೋ ಎಕ್ಸ್‌ಪೋರ್ಟ್ ಮಾಡಿ ನೋಡಿ: ಸ್ತ್ರೀ, ರಾಷ್ಟ್ರ, ಧರ್ಮ, ಲಕ್ಷ್ಮೀ, ಸಾಫ್ಟ್‌ವೇರ್. ಸ್ತ್ರೀಯಲ್ಲಿ ಎರಡು ಒತ್ತು ಒಂದರ ಮೇಲೊಂದು ಬೀಳದೆ ಸರಿಯಾಗಿ ಕೂರ್ಬೇಕು, ಧರ್ಮದಲ್ಲಿ ಅರ್ಕಾವೊತ್ತು ಮ ಆದ ಮೇಲೆ ಬರ್ಬೇಕು, ಸಾಫ್ಟ್‌ವೇರಲ್ಲಿ ಟ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರ್ತದೆ, ಕೆಲವು ಆ್ಯಪಲ್ಲಿ ಅಲ್ಲಿ ಒಂದು ಚೌಕ ಡಬ್ಬಿ ಕಾಣ್ತದೆ. ಎಲ್ಲ ಸರಿ ಬಂದ್ರೆ ಆ ಸಾಫ್ಟ್‌ವೇರ್ ನಂಬಬಹುದು.

ಎರಡನೆಯದ್ದು ನುಡಿ, ಬರಹ ಅನ್ನುವ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟ್. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಮದುವೆ ಕಾಗದ, ಬ್ಯಾನರ್ ಎಲ್ಲ ಈಗಲೂ ಹಳೇ ಫಾಂಟಲ್ಲೇ ಆಗುವುದು, ಅದು ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದು. ಆ ಫಾಂಟ್ ಇದ್ದಲ್ಲಿ ಮಾತ್ರ ಕನ್ನಡ, ಬೇರೆ ಕಡೆ ಬರೇ ಚಿಹ್ನೆ. ಟೈಪ್ ಮಾಡಿಸುವಾಗಲೇ ಯೂನಿಕೋಡಲ್ಲಿ ಕೊಡಿ ಅಂತ ಹೇಳಿ. ಈಗಾಗ್ಲೇ ಆಗಿದ್ರೆ ಪುನಃ ಟೈಪ್ ಮಾಡಿಸ್ಬೇಡಿ, ಯೂನಿಕೋಡಿಗೆ ಬದಲಿಸುವ ಕನ್ವರ್ಟರ್‌ಗಳು ಉಚಿತ ಸಿಗ್ತವೆ, ಆದ್ರೆ ಬದಲಿಸಿದ ಮೇಲೆ ಒಂದು ಸಲ ಪೂರ್ತಿ ಓದಿ. ನೋಟ್‌ಪ್ಯಾಡಲ್ಲಿ ಸೇವ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಇರ್ಲಿ. ಹೊಸ ವಿಂಡೋಸಲ್ಲಿ ಅದು ತಾನಾಗಿಯೇ ಇರ್ತದೆ, ಶಾಲೆಯ ಹಳೇ ಕಂಪ್ಯೂಟರಲ್ಲಾದ್ರೆ ಎಎನ್‌ಎಸ್‌ಐ ಅಂತ ಇರಬಹುದು, ಹಾಗೇ ಸೇವ್ ಮಾಡಿದ್ರೆ ಕನ್ನಡ ಎಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡ್ತದೆ, ಮತ್ತೆ ವಾಪಸ್ ತರ್ಲಿಕ್ಕೆ ಆಗುವುದಿಲ್ಲ.

ಫಾಂಟಿಗೂ ದುಡ್ಡು ಬೇಡ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಮೂರೂ ಗೂಗಲ್ ಫಾಂಟ್ಸಲ್ಲಿ ಉಚಿತ. ಸಬ್‌ಟೈಟಲಿಗೆ ನಾನು ನೋಟೋ ಸಾನ್ಸ್ ದಪ್ಪದ್ದು ಹಾಕ್ತೇನೆ, ಬಿಳಿ ಅಕ್ಷರಕ್ಕೆ ಕಪ್ಪು ಅಂಚು ಕೊಟ್ಟು. ಕನ್ನಡಕ್ಕೆ ಸಾಲಿನ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡ್ಬೇಕು ಅನ್ನುವುದು ಮರೀಬೇಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿಸಿಗೆ ತಾಗ್ತದೆ, ಕೆಳಗಿನ ಸಾಲಿನ ಒತ್ತು ಸ್ಕ್ರೀನಿನ ಅಂಚಿಗೆ ಸಿಕ್ಕಿ ಅರ್ಧ ಕಡಿದು ಹೋಗ್ತದೆ. ಸ್ವಲ್ಪ ಮೇಲೆ ಎತ್ತಿ ಇಡಿ.

ಪ್ರಶ್ನೆ: ನನ್ನ ಅಜ್ಜಿಗೆ 86 ವರ್ಷ. ನೇಜಿ (ಭತ್ತದ ಸಸಿ) ನೆಡುವಾಗ ಹೇಳ್ತಿದ್ದ ಪಾಡ್ದನ, ಅಂದ್ರೆ ತುಳುವಿನ ಹಾಡುಕಥೆ, ಎಲ್ಲ ಬಾಯಿಪಾಠ ಉಂಟು, ನಾನು ಫೋನಲ್ಲಿ ವಿಡಿಯೋ ಮಾಡಿಟ್ಟಿದ್ದೇನೆ. ದುಬೈ, ಮುಂಬೈಯಲ್ಲಿ ಇರುವ ನಮ್ಮ ಮಕ್ಕಳಿಗೆ ತುಳುವೂ ಬರುವುದಿಲ್ಲ, ಕನ್ನಡ ಓದ್ಲಿಕ್ಕೂ ಬರುವುದಿಲ್ಲ. ತುಳು ಕೇಳಿ ತಾನಾಗಿ ಇಂಗ್ಲಿಷ್ ಸಬ್‌ಟೈಟಲ್ ಮಾಡುವ ಸಾಫ್ಟ್‌ವೇರ್ ಉಂಟಾ? ಎಷ್ಟಾದ್ರೂ ಕೊಡ್ತೇನೆ.
ಓದುಗರೊಬ್ಬರು, ಮೂಡುಬಿದಿರೆ

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಸಂತೋಷ ಆಯ್ತು, ಮೊದಲು ಆ ವಿಡಿಯೋದ ಇನ್ನೊಂದು ಕಾಪಿ ಇವತ್ತೇ ಬೇರೆ ಕಡೆ ಮಾಡಿಡಿ, ಆಮೇಲೆ ಇದನ್ನು ಓದಿ.

ತಾನಾಗಿ ಬರೆಯುವ ಸಾಫ್ಟ್‌ವೇರ್‌ಗಳಲ್ಲಿ ಉಚಿತವಾಗಿ ಸಿಗುವ ದೊಡ್ಡ ಹೆಸರು ವಿಸ್ಪರ್, ಓಪನ್‌ಎಐಯವರು 2022ರ ಸೆಪ್ಟೆಂಬರಲ್ಲಿ ಬಿಟ್ಟದ್ದು. ಶಾಟ್‌ಕಟ್, ಕೆಡೆನ್‌ಲೈವ್ ಎರಡರಲ್ಲೂ ಈಗ ಅದನ್ನು ಜೋಡಿಸ್ಲಿಕ್ಕೆ ಆಗ್ತದೆ. 6,80,000 ಗಂಟೆಯ ಮಾತು ಕೇಳಿಸಿ ಅದನ್ನು ತಯಾರು ಮಾಡಿದ್ದಾರೆ, ಆದ್ರೆ ಅದರಲ್ಲಿ ದೊಡ್ಡ ಪಾಲು ಇಂಗ್ಲಿಷ್, ಕನ್ನಡ ತೀರಾ ಕಮ್ಮಿ. ಹಾಗಾಗಿ ಕನ್ನಡ ಬರ್ತದೆ, ತಪ್ಪು ತುಂಬಾ ಬರ್ತದೆ. ತುಳು ಅದರ ಪಟ್ಟಿಯಲ್ಲೇ ಇಲ್ಲ, ಕೊಂಕಣಿಯೂ ಇಲ್ಲ. ತುಳು ಹಾಡು ಕೇಳಿಸಿದ್ರೆ ಸುಮ್ಮನೆ ಇರುವುದಿಲ್ಲ, ಕನ್ನಡ ಅಂತ ತಿಳ್ಕೊಂಡು ಅಜ್ಜಿ ಹೇಳದ್ದನ್ನೆಲ್ಲ ಬರೀತದೆ. ಗೂಗಲ್ ಟ್ರಾನ್ಸ್‌ಲೇಟಿಗೆ 2024ರಲ್ಲಿ ತುಳು ಸೇರಿದ್ದು ಹೌದು, ಆದ್ರೆ ಬರೆದದ್ದನ್ನು ಅನುವಾದ ಮಾಡ್ಲಿಕ್ಕೆ, ಅಜ್ಜಿಯ ದನಿ ಕೇಳಿ ಬರೀಲಿಕ್ಕೆ ಅಲ್ಲ, ಮತ್ತೆ ಪಾಡ್ದನದ ಹಳೇ ತುಳುವಿಗೆ ಅದನ್ನು ನಂಬ್ಲಿಕ್ಕೆ ನನಗೆ ಧೈರ್ಯ ಇಲ್ಲ. ಯಾರಾದ್ರೂ ತುಳು ಆಟೋಮ್ಯಾಟಿಕ್ ಮಾಡಿಕೊಡ್ತೇವೆ ಅಂತ ದುಡ್ಡು ಕೇಳಿದ್ರೆ, ನಿಮ್ಮದೇ ವಿಡಿಯೋದ ಎರಡು ನಿಮಿಷ ಮಾಡಿ ತೋರಿಸ್ಲಿ, ಅಜ್ಜಿಯ ಹತ್ರ ಓದಿ ಹೇಳಿ, ಆಮೇಲೆ ನೋಡುವಾ.

ಹಾಗಾದ್ರೆ ಕೈಯಲ್ಲೇ ಮಾಡ್ಬೇಕು, ಅದು ನೀವು ಹೆದರುವಷ್ಟು ಕಷ್ಟ ಇಲ್ಲ. ವಿಂಡೋಸಿಗೆ ಸಬ್‌ಟೈಟಲ್ ಎಡಿಟ್ ಅಂತಲೇ ಹೆಸರಿನ ಉಚಿತ ಸಾಫ್ಟ್‌ವೇರ್ ಉಂಟು, ಡೆನ್ಮಾರ್ಕಿನ ಒಬ್ಬರು ಶುರು ಮಾಡಿದ್ದು. ವಿಡಿಯೋ ಒಂದು ಬದಿ, ಸಾಲುಗಳ ಪಟ್ಟಿ ಒಂದು ಬದಿ, ಅಡಿಯಲ್ಲಿ ಸದ್ದಿನ ಗೆರೆ. ಅಜ್ಜಿ ಉಸಿರು ತಗೊಳ್ಳುವಲ್ಲಿ ಗೆರೆ ತಗ್ಗಾಗ್ತದೆ, ಒಂದು ತಗ್ಗಿನಿಂದ ಇನ್ನೊಂದು ತಗ್ಗಿನ ವರೆಗೆ ಎಳೆದು ಒಂದು ಸಾಲು ಮಾಡಿ ಟೈಪ್ ಮಾಡುವುದು. ಅದು ಕೊನೆಗೆ ಕೊಡುವ ಎಸ್‌ಆರ್‌ಟಿ ಫೈಲನ್ನು ನೋಟ್‌ಪ್ಯಾಡಲ್ಲಿ ತೆಗೆದ್ರೆ ಇಷ್ಟೇ ಇರ್ತದೆ:

1
00:00:12,500 --> 00:00:14,000
ಒಣಸ್ ಆಂಡಾ ಬಾಲೆ?

ಮೊದಲು ಸಾಲಿನ ನಂಬರ್, ಆಮೇಲೆ ಯಾವಾಗಿಂದ ಯಾವಾಗಿನ ವರೆಗೆ, ಸೆಕೆಂಡ್ ಆದ ಮೇಲೆ ಚುಕ್ಕಿ ಅಲ್ಲ ಕಾಮಾ, ಕೆಳಗೆ ಮಾತು (ಊಟ ಆಯ್ತಾ ಮಗೂ ಅಂತ), ಮತ್ತೆ ಒಂದು ಖಾಲಿ ಸಾಲು. ಈ ಫೈಲಿಗೆ ಯಾವ ಕಂಪೆನಿಯ ಹಂಗೂ ಇಲ್ಲ, ಹೆಚ್ಚಿನ ಎಲ್ಲ ಸಾಫ್ಟ್‌ವೇರಲ್ಲೂ ತೆರೀತದೆ, ಕೆಲವು ಕೆಬಿ ಮಾತ್ರ, ನಿಮಗೆ ನೀವೇ ಇಮೇಲ್ ಮಾಡಿಟ್ಟುಕೊಳ್ಳಬಹುದು. ಇದನ್ನು ಒತ್ತಿ ಹೇಳ್ಲಿಕ್ಕೆ ಕಾರಣ ಉಂಟು. ಕೆಲವು ವರ್ಷದ ಹಿಂದೆ ನಾನು ನಮ್ಮ ದೊಡ್ಡಮ್ಮನ ಮಾತಿನ ವಿಡಿಯೋಗೆ ಒಂದು ಫೋನ್ ಆ್ಯಪಲ್ಲಿ ಕೂತು ನಾನ್ನೂರು ಸಾಲಿನ ಹತ್ರ ತುಳು ಸಬ್‌ಟೈಟಲ್ ಟೈಪ್ ಮಾಡಿದ್ದೆ. ಫೋನಿನ ಡಿಸ್‌ಪ್ಲೇ ಹೋಯ್ತು, ಹೊಸ ಫೋನಿಗೆ ಆ್ಯಪ್ ಹಾಕಿ ನೋಡಿದ್ರೆ ಪ್ರಾಜೆಕ್ಟ್ ಇಲ್ಲ. ಬರೆದದ್ದೆಲ್ಲ ಆ ಆ್ಯಪಿನ ಒಳಗೇ ಇತ್ತು, ಹೊರಗೆ ತೆಗೀಲಿಕ್ಕೆ ದಾರಿಯೇ ಇರ್ಲಿಲ್ಲ. ಪುನಃ ಬರೀಲಿಕ್ಕೆ ಕೂತಾಗ ಮೂರು ನಾಲ್ಕು ಕಡೆ ಶಬ್ದ ಗೊತ್ತಾಗ್ಲಿಲ್ಲ, ಮೊದಲ ಸಲ ದೊಡ್ಡಮ್ಮನನ್ನೇ ಕೇಳಿ ಬರೆದಿದ್ದೆ, ಅಷ್ಟೊತ್ತಿಗೆ ಅವರು ಹೋಗಿ ಆಗಿತ್ತು. ಆ ಸಾಲುಗಳು ಈಗಲೂ ಖಾಲಿಯೇ ಉಂಟು.

ಹಾಗಾಗಿ ನಿಮ್ಮ ಹತ್ರ ನನ್ನದೊಂದು ಪ್ರಾರ್ಥನೆ, ಮೊದಲು ಇಂಗ್ಲಿಷಿಗೆ ಹೋಗ್ಬೇಡಿ. ಅಜ್ಜಿ ಹತ್ರ ಕೂತು ತುಳುವಲ್ಲಿ, ಕನ್ನಡ ಲಿಪಿಯಲ್ಲಿ, ಅವರು ಹೇಳಿದ ಹಾಗೆಯೇ ಬರೀರಿ. ಗೊತ್ತಾಗದ ಶಬ್ದ ಬಂದಲ್ಲಿ ನಿಲ್ಲಿಸಿ ಕೇಳಿ, ಅರ್ಥ ಪಕ್ಕದಲ್ಲಿ ಗುರುತು ಹಾಕಿ. ಅದೊಂದು ಫೈಲ್. ಆಮೇಲೆ ಅದರದ್ದೇ ಕಾಪಿ ಮಾಡಿ ಸಮಯ ಹಾಗೇ ಇಟ್ಟು ಮಾತನ್ನು ಮಾತ್ರ ಇಂಗ್ಲಿಷ್ ಮಾಡಿ, ಸಬ್‌ಟೈಟಲ್ ಎಡಿಟಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ಅನುವಾದ ಮಾಡ್ಲಿಕ್ಕೆ ಆಗ್ತದೆ. ಟೈಪಿಂಗ್ ನಿಧಾನ ಆದ್ರೆ ಕನ್ನಡದ ಮಟ್ಟಿಗೆ ಒಂದು ಉಪಾಯ, ಫೋನಿನ ಗೂಗಲ್ ಕೀಬೋರ್ಡಲ್ಲಿ ಮೈಕ್ ಒತ್ತಿ ನೀವೇ ನಿಧಾನ ಬಾಯಲ್ಲಿ ಹೇಳಿ, ಕನ್ನಡ ಸುಮಾರು ಸರಿಯೇ ಬರ್ತದೆ. ತುಳುವಿಗೆ ಅದು ಆಗುವುದಿಲ್ಲ, ಒಣಸ್ ಅಂತ ಅರ್ಧಕ್ಕೆ ನಿಲ್ಲುವ ಶಬ್ದಗಳನ್ನೆಲ್ಲ ಕನ್ನಡ ಮಾಡಿ ಹಾಳು ಮಾಡ್ತದೆ.

ಒಂದು ಸಲಕ್ಕೆ ಎರಡು ಸಾಲಿಗಿಂತ ಹೆಚ್ಚು ಬೇಡ, ಸಾಲು ಕನಿಷ್ಠ ಒಂದು ಸೆಕೆಂಡ್ ಇರ್ಬೇಕು, ಆರೇಳು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರ್ದು. ಪಾಡ್ದನದಲ್ಲಿ ಸೊಲ್ಲು ಪುನಃ ಪುನಃ ಬರ್ತದಲ್ಲ, ಅದನ್ನು ಪ್ರತಿ ಸಲ ಹಾಕ್ಬೇಕಂತಿಲ್ಲ, ಮೊದಲ ಎರಡು ಸಲ ಹಾಕಿ ಬಿಡಿ, ಅಷ್ಟು ಹೊತ್ತು ಮಕ್ಕಳು ಅಜ್ಜಿಯ ಮುಖ ನೋಡ್ಲಿ.

ಪ್ರಶ್ನೆ: ಅಣ್ಣಾ, ನನ್ನ ಹತ್ರ ಫೋನ್ ಮಾತ್ರ ಇರುವುದು. ಅಮ್ಮ ಮಾಡುವ ಬಂಗುಡೆ ಪುಳಿಮುಂಚಿ, ಮರುವಾಯಿ ಸುಕ್ಕ ಇಂಥದ್ದರ ರೀಲ್ಸ್ ಮಾಡ್ತೇನೆ. ವಾಟರ್‌ಮಾರ್ಕ್ ಬರದ ಆ್ಯಪ್ ಯಾವುದು? ಫ್ರೆಂಡ್ಸ್ ಕ್ಯಾಪ್‌ಕಟ್ ಫೈಲ್ ಕಳಿಸ್ತೇವೆ ಅಂತಾರೆ.
ಕಾಲೇಜು ವಿದ್ಯಾರ್ಥಿನಿ, ಮಲ್ಪೆ

ಉತ್ತರ: ವಿಎನ್ ಹಾಕು ತಂಗಿ. ಉಚಿತ, ವಾಟರ್‌ಮಾರ್ಕ್ ಇಲ್ಲ, ಟೈಮ್‌ಲೈನ್ ಸರಿಯಾಗಿ ಉಂಟು, ಮುಂದೆ ಕಂಪ್ಯೂಟರಿಗೆ ಹೋದ್ರೂ ಕಲಿತದ್ದು ಉಪಯೋಗಕ್ಕೆ ಬರ್ತದೆ. ಯೂಕಟ್ ಸಹ ಆಗ್ತದೆ. ಇನ್‌ಶಾಟಲ್ಲಿ ಉಚಿತ ಆದ್ರೆ ವಾಟರ್‌ಮಾರ್ಕ್ ಬರ್ತದೆ, ಜಾಹೀರಾತು ನೋಡಿದ್ರೆ ತೆಗೀಲಿಕ್ಕೆ ಆಗ್ತದೆ. ಕೈನ್‌ಮಾಸ್ಟರಲ್ಲೂ ಉಚಿತ ಆವೃತ್ತಿಗೆ ವಾಟರ್‌ಮಾರ್ಕ್ ಉಂಟು. ಕ್ಯಾಪ್‌ಕಟ್ ಟಿಕ್‌ಟಾಕ್ ಮಾಡಿದ ಬೈಟ್‌ಡ್ಯಾನ್ಸ್ ಕಂಪೆನಿಯದ್ದೇ, ನಮ್ಮ ದೇಶದ ಪ್ಲೇ ಸ್ಟೋರಲ್ಲಿ ಇಲ್ಲ. ಫ್ರೆಂಡ್ಸ್ ಕಳಿಸುವುದು ಯಾರೋ ಬದಲಾಯಿಸಿ ಹರಡಿದ ಫೈಲ್, ನಿನ್ನ ಫೋಟೋ, ಬ್ಯಾಂಕ್ ಆ್ಯಪ್ ಎಲ್ಲ ಇರುವ ಫೋನಿಗೆ ಅದನ್ನು ಹಾಕ್ಬೇಡ. ರೀಲ್ಸಲ್ಲಿ ಅಕ್ಷರವನ್ನು ತೀರಾ ಅಡಿಯಲ್ಲಿ ಇಡಬಾರ್ದು, ಅಲ್ಲಿ ಅಕೌಂಟಿನ ಹೆಸರು, ವಿವರಣೆ ಬಂದು ಮುಚ್ಚಿ ಹೋಗ್ತದೆ, ಬಲಬದಿಯಲ್ಲಿ ಲೈಕ್ ಬಟನ್‌ಗಳು ಇರ್ತವೆ. ನಡುವಿಗಿಂತ ಸ್ವಲ್ಪ ಕೆಳಗೆ ಇಡು. ಮಸಾಲೆ ಪ್ರಮಾಣ ಮಾತಲ್ಲಿ ಹೇಳಿದ್ರೂ ಅಕ್ಷರದಲ್ಲೂ ಹಾಕು, ಎಷ್ಟೋ ಜನ ಬಸ್ಸಲ್ಲಿ ಸೌಂಡ್ ಬಂದ್ ಮಾಡಿ ನೋಡುವುದು. ಅಕ್ಷರ ಹಾಕುವ ಮೊದಲಿನ ಕ್ಲೀನ್ ವಿಡಿಯೋ ಒಂದು ಬೇರೆ ಇಟ್ಟುಕೋ, ನಾಳೆ ಪುಳಿಮುಂಚಿಗೆ ಮೆಣಸು ಎಷ್ಟು ಅಂತ ತಪ್ಪು ಬರೆದದ್ದು ಕಂಡ್ರೆ ತಿದ್ದಲಿಕ್ಕೆ ಬೇಕು.

ಪ್ರಶ್ನೆ: ಸಬ್‌ಟೈಟಲ್ ವಿಡಿಯೋದಲ್ಲೇ ಅಂಟಿಸುವುದಾ, ಬೇರೆ ಫೈಲ್ ಕೊಡುವುದಾ?
ಓದುಗರೊಬ್ಬರು, ಕಟಪಾಡಿ

ಉತ್ತರ: ಎಲ್ಲಿ ತೋರಿಸ್ತೀರಿ ಅನ್ನುವುದರ ಮೇಲೆ. ಯೂಟ್ಯೂಬಿಗಾದ್ರೆ ಎಸ್‌ಆರ್‌ಟಿ ಬೇರೆಯೇ ಹಾಕಿ, ಬೇಡದವರು ಬಂದ್ ಮಾಡಬಹುದು, ತಪ್ಪು ಕಂಡ್ರೆ ವಿಡಿಯೋ ಹಾಗೇ ಇಟ್ಟು ಸಬ್‌ಟೈಟಲ್ ಮಾತ್ರ ಬದಲಿಸಬಹುದು, ಎರಡು ಮೂರು ಭಾಷೆಯದ್ದೂ ಇಡಬಹುದು. ವಾಟ್ಸಪ್, ರೀಲ್ಸ್, ಪೆನ್‌ಡ್ರೈವ್ ಹಾಕಿ ಟಿವಿಯಲ್ಲಿ ನೋಡುವುದು, ಸಭೆಯ ಪ್ರೊಜೆಕ್ಟರ್, ಇವಕ್ಕೆಲ್ಲ ಅಂಟಿಸಿಯೇ ಕೊಡ್ಬೇಕು. ತುಂಬಾ ಟಿವಿಗಳಲ್ಲಿ ಕನ್ನಡದ ಸಬ್‌ಟೈಟಲ್ ಫೈಲ್ ಹಾಕಿದ್ರೆ ಬರೇ ಡಬ್ಬಿ ಡಬ್ಬಿ ಕಾಣ್ತದೆ. ಅಂಟಿಸ್ಲಿಕ್ಕೆ ಶಾಟ್‌ಕಟಲ್ಲೇ ಫಿಲ್ಟರ್ ಉಂಟು, ಹ್ಯಾಂಡ್‌ಬ್ರೇಕಲ್ಲಿ ಎಸ್‌ಆರ್‌ಟಿ ಸೇರಿಸಿ ಬರ್ನ್ ಇನ್ ಅನ್ನುವುದಕ್ಕೆ ಟಿಕ್ ಹಾಕಿದ್ರೂ ಆಗ್ತದೆ. ವಾಟ್ಸಪಲ್ಲಿ ವಿಡಿಯೋ ಅಂತ ಕಳಿಸಿದ್ರೆ ಅದು ಕುಗ್ಗಿಸಿ ಅಕ್ಷರ ಮಸುಕು ಮಾಡ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ, 2 ಜಿಬಿ ವರೆಗೆ ಹೋಗ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಎಕ್ಸ್‌ಪೋರ್ಟ್ ಅರ್ಧ ಆಗುವಾಗ ಕರೆಂಟ್ ಹೋಗ್ತದೆ, ಎಲ್ಲ ಪುನಃ ಮಾಡ್ಬೇಕಾ? ಡೆಸ್ಕ್‌ಟಾಪ್ ಉಂಟು.
ಫೋಟೋ ಸ್ಟುಡಿಯೋದವರು, ಬೆಳ್ತಂಗಡಿ

ಉತ್ತರ: ಎಡಿಟ್ ಮಾಡಿದ್ದು ಪುನಃ ಮಾಡುವುದು ಬೇಡ, ಅದು ಪ್ರಾಜೆಕ್ಟ್ ಫೈಲಲ್ಲಿ ಇರ್ತದೆ, ಎಕ್ಸ್‌ಪೋರ್ಟ್ ಒತ್ತುವ ಮೊದಲು ಸೇವ್ ಮಾಡಿದ್ರೆ ಆಯ್ತು. ಎಕ್ಸ್‌ಪೋರ್ಟ್ ಮಾತ್ರ ಮೊದಲಿಂದ ಮಾಡ್ಬೇಕು, ಅರ್ಧ ಆದ ಎಂಪಿ4 ಫೈಲ್ ತೆರೆಯುವುದಿಲ್ಲ. ಎರಡು ಗಂಟೆಯ ಮದುವೆ ವಿಡಿಯೋವನ್ನು ಒಟ್ಟಿಗೆ ಬಿಡ್ಬೇಡಿ, ಅರ್ಧರ್ಧ ಗಂಟೆಯ ತುಂಡು ಮಾಡಿ ಎಕ್ಸ್‌ಪೋರ್ಟ್ ಮಾಡಿಟ್ಟು ಒಂದೇ ಸೆಟ್ಟಿಂಗಲ್ಲಿ ಕೊನೆಗೆ ಜೋಡಿಸಿ, ಹೋದ್ರೂ ಒಂದು ತುಂಡು ಹೋದೀತು. ಸಣ್ಣ ಯುಪಿಎಸ್ ಒಂದು ಇಡಿ, ಅದು ಎಕ್ಸ್‌ಪೋರ್ಟ್ ಮುಗಿಯುವ ವರೆಗೆ ಬರುವುದಿಲ್ಲ, ಸೇವ್ ಮಾಡಿ ಸರಿಯಾಗಿ ಬಂದ್ ಮಾಡ್ಲಿಕ್ಕೆ ಸಾಕಾಗ್ತದೆ. ಮತ್ತೆ ನಿಮ್ಮ ಘಟ್ಟದ ಬುಡದ ಗುಡುಗು ನಿಮಗೇ ಗೊತ್ತುಂಟು, ದೂರದಲ್ಲಿ ಸದ್ದು ಕೇಳಿದ ಕೂಡಲೇ ಯುಪಿಎಸ್ ಉಂಟಲ್ಲ ಅಂತ ಕೂರ್ಬೇಡಿ, ಕಂಪ್ಯೂಟರ್ ಬಂದ್ ಮಾಡಿ ಪ್ಲಗ್ ಎಳೀರಿ, ಹಾರ್ಡ್‌ಡಿಸ್ಕ್ ತೆಗೆದು ಕಪಾಟಲ್ಲಿ ಇಡಿ, ಇಂಟರ್ನೆಟ್ಟಿನ ಕೇಬಲನ್ನೂ ತೆಗೀರಿ.